ಸತ್ಕಾರ ಸಿಗದ ದಿನ

ಮಹಾವೀರ ಜಯಂತಿಯ ಆಸುಪಾಸಿನಲ್ಲಿಯೇ ಕಚೇರಿಗಳಲ್ಲಿ ಇನ್ನೊಂದು ವಾರ್ಷಿಕ ವಿಧಿ ಆರಂಭವಾಗುತ್ತದೆ. ಬಸದಿಯಲ್ಲಿ ಚೈತ್ರ ಶುಕ್ಲ ತ್ರಯೋದಶಿಯ ಅಭಿಷೇಕ ನಡೆಯುವ ದಿನಗಳಲ್ಲಿ ಆರ್ಥಿಕ ವರ್ಷವೂ ಮುಗಿದು, ಮೇಲಧಿಕಾರಿಯು ತನ್ನ ಕೈಕೆಳಗಿನವರ ಹನ್ನೆರಡು ತಿಂಗಳ ದುಡಿಮೆಯನ್ನು ಒಂದು ಅಂಕಿಗೋ ಒಂದು ಶಬ್ದಕ್ಕೋ ಇಳಿಸಿ ಬರೆಯಲು ತೊಡಗುತ್ತಾನೆ. ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಬಹುಕಾಲ ‘ಗೌಪ್ಯ ವರದಿ’ ಎಂಬ ಹೆಸರಿತ್ತು. ಖಾಸಗಿ ಸಂಸ್ಥೆಗಳಲ್ಲಿ ಇದು ಅಪ್ರೈಸಲ್. ಹೆಸರು ಯಾವುದಾದರೂ ಅದನ್ನು ಓದಿದ ದಿನ ಅನೇಕರಿಗೆ ಅನ್ನ ಇಳಿಯುವುದಿಲ್ಲ.

ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ದುಡಿಯುವ ಶ್ರಾವಕನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಇಪ್ಪತ್ತು ವರ್ಷಗಳ ಸೇವೆ. ವರ್ಷವಿಡೀ ರಜೆಯ ದಿನಗಳಲ್ಲಿಯೂ ಕಡತಗಳನ್ನು ವಿಲೇವಾರಿ ಮಾಡಿದವನು. ಹೊಸದಾಗಿ ಬಂದ ಮೇಲಧಿಕಾರಿ ಅವನಿಗೆ ಹತ್ತಕ್ಕೆ ಐದು ಅಂಕ ಕೊಟ್ಟು, ‘ಕೆಲಸದಲ್ಲಿ ಆಸಕ್ತಿ ಸಾಲದು’ ಎಂದು ಷರಾ ಬರೆದಿದ್ದಾನೆ. ಸದಾ ತನ್ನ ಕೋಣೆಯಲ್ಲಿ ಕುಳಿತು ಹರಟುವವನಿಗೆ ಎಂಟು ಅಂಕ. ಸೂರ್ಯಾಸ್ತಕ್ಕೆ ಮುನ್ನ ಕಚೇರಿಯಲ್ಲಿಯೇ ಉಣ್ಣಲೆಂದು ಮನೆಯಿಂದ ಕಟ್ಟಿಸಿಕೊಂಡು ಬಂದ ಬುತ್ತಿ ಆ ಸಂಜೆ ಬಿಚ್ಚದೆ ಹಾಗೆಯೇ ಮರಳುತ್ತದೆ. ಹೊಟ್ಟೆ ಬರಿದಾಗಿದ್ದ ಮಾತ್ರಕ್ಕೆ ಅದು ಉಪವಾಸವಾಗಲಿಲ್ಲ. ಆಹಾರವನ್ನು ಬಿಟ್ಟವನು ಕಷಾಯವನ್ನು ಹಿಡಿದು ಕುಳಿತಿದ್ದ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಮುನಿಗಳು ಸಹಿಸಬೇಕಾದ 22 ಪರೀಷಹಗಳ ಪಟ್ಟಿಯಿದೆ. ಹಸಿವು, ನೀರಡಿಕೆ, ಚಳಿ, ಬಿಸಿಲು, ಸೊಳ್ಳೆಯ ಕಡಿತ ಹೀಗೆ ಶರೀರದ ಕಷ್ಟಗಳಿಂದ ಆರಂಭವಾಗುವ ಆ ಪಟ್ಟಿಯಲ್ಲಿ ಹತ್ತೊಂಬತ್ತನೆಯದು ‘ಸತ್ಕಾರ-ಪುರಸ್ಕಾರ’. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿಯನ್ನು ಓದಿದರೆ ಇಂದಿನ ಕಚೇರಿಯ ಚಿತ್ರವೇ ಎದುರಿಗೆ ಬರುತ್ತದೆ. ಬಹುಕಾಲ ತಪಸ್ಸು ಮಾಡಿದ, ಶಾಸ್ತ್ರವನ್ನು ಬಲ್ಲ, ಪರವಾದಿಗಳನ್ನು ಹಲವು ಬಾರಿ ಗೆದ್ದ ಮುನಿಗೂ, ‘ನನ್ನನ್ನು ಕಂಡು ಯಾರೂ ನಮಸ್ಕರಿಸಲಿಲ್ಲ, ಆಸನ ಕೊಡಲಿಲ್ಲ’ ಎಂಬ ಭಾವ ಮೂಡಬಹುದು. ಹಾಗೆ ಮೂಡದಂತೆ ಚಿತ್ತವನ್ನು ಕಾಯುವುದೇ ಆ ಪರೀಷಹದ ಜಯ. ಮನೆ ಬಿಟ್ಟು, ಬಟ್ಟೆಯನ್ನೂ ಬಿಟ್ಟವರಿಗೆ ಕೊನೆಯವರೆಗೂ ಕಾಡುವ ಈ ಆಸೆ ಗೃಹಸ್ಥನನ್ನು ಕಾಡಿದರೆ ಆಶ್ಚರ್ಯವೇನು?

ಇದೇ ಪ್ರಕರಣದಲ್ಲಿ ಸೂತ್ರಕಾರರು ಇನ್ನೊಂದು ಸೂಕ್ಷ್ಮವನ್ನು ತೋರಿಸಿದ್ದಾರೆ. ಪಟ್ಟಿಯಲ್ಲಿ ‘ಅಲಾಭ’ವೆಂಬ ಪರೀಷಹವೂ ಇದೆ, ಬೇಕಾದುದು ಸಿಗದಿರುವುದು. ಅದಕ್ಕೆ ಕಾರಣ ಅಂತರಾಯ ಕರ್ಮ. ಆದರೆ ಸತ್ಕಾರ ಸಿಗದಿದ್ದಾಗ ಆಗುವ ಪೀಡೆಗೆ ಅವರು ಹೇಳುವ ಕಾರಣ ಅಂತರಾಯವಲ್ಲ, ಚಾರಿತ್ರಮೋಹನೀಯ. ಮುನಿಗಳ ಆಹಾರದ ವಿಷಯದಲ್ಲಿ ಹೇಳಿದ ಈ ವಿಂಗಡಣೆಯನ್ನು ನೌಕರನ ಬದುಕಿಗೆ ತಂದುಕೊಂಡರೆ ಎರಡು ಬೇರೆ ಬೇರೆ ಲೆಕ್ಕಗಳು ಕಾಣುತ್ತವೆ. ಬರಬೇಕಾದ ಬಡ್ತಿ ಬಾರದೆ ಹೋದದ್ದು ಒಂದು ಲೆಕ್ಕ; ಅದರಲ್ಲಿ ಮೇಲಧಿಕಾರಿ ನಿಮಿತ್ತ. ‘ನನ್ನಂಥವನಿಗೆ ಐದೇ?’ ಎಂದು ಒಳಗೆ ಉರಿಯುವುದು ಇನ್ನೊಂದು ಲೆಕ್ಕ. ಆ ಉರಿ ತನ್ನದೇ ಮಾನ, ತನ್ನದೇ ಕ್ರೋಧ. ಮೊದಲನೆಯ ನಷ್ಟ ತಿಂಗಳಿಗೆ ಕೆಲವು ಸಾವಿರ ರೂಪಾಯಿಗಳದ್ದು. ಎರಡನೆಯದರ ನಷ್ಟವನ್ನು ಹೆಚ್ಚಿನವರು ಎಣಿಸಲು ಹೋಗುವುದೇ ಇಲ್ಲ.

ಹಾಗೆಂದು, ‘ಎಲ್ಲ ನನ್ನ ಕರ್ಮ’ ಎಂದು ಕೈಕಟ್ಟಿ ಕುಳಿತುಕೊಳ್ಳಬೇಕೆಂದು ಜಿನಾಗಮ ಹೇಳುವುದಿಲ್ಲ. ಕರ್ಮಸಿದ್ಧಾಂತವನ್ನು ಸೋಮಾರಿತನದ ಹೊದಿಕೆಯಾಗಿ ಮಾಡಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಉದಯಕ್ಕೆ ಬಂದ ಕರ್ಮವನ್ನು ಸಮಭಾವದಿಂದ ಅನುಭವಿಸುವುದು ಬೇರೆ, ಸುಳ್ಳಿಗೆ ಮೌನದ ಸಹಿ ಹಾಕುವುದು ಬೇರೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಎಂಬುದೊಂದು. ಸುಳ್ಳು ಬರಹವನ್ನು ಸೃಷ್ಟಿಸುವುದು. ಸಾಹುಕಾರನ ಕಳ್ಳ ಪತ್ರವೊಂದೇ ಕೂಟಲೇಖವಲ್ಲ. ದುಡಿದವನನ್ನು ದುಡಿಯಲಿಲ್ಲ ಎಂದು ಬರೆದ ವರದಿಯೂ ಆ ಸಾಲಿಗೇ ಸೇರುತ್ತದೆ. ಪರರಲ್ಲಿರುವ ಗುಣವನ್ನು ಮುಚ್ಚಿ, ತನ್ನಲ್ಲಿಲ್ಲದ ಗುಣವನ್ನು ಹೊಗಳಿಕೊಳ್ಳುವುದು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದೂ ಅದೇ ಗ್ರಂಥದ ಆರನೆಯ ಅಧ್ಯಾಯ ಎಚ್ಚರಿಸುತ್ತದೆ. ಈ ಅಂಕಣವನ್ನು ಓದುವವರಲ್ಲಿ ಇತರರಿಗೆ ಅಂಕ ಕೊಡುವ ಸ್ಥಾನದಲ್ಲಿರುವವರೂ ಇರಬಹುದು. ಅವರ ಲೇಖನಿಗೆ ಈ ಸೂತ್ರ.

ಗುಣವನ್ನು ಮುಚ್ಚಿದ್ದರ ಒಂದು ಪ್ರಕರಣ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ದೇವ್ ದತ್ ಎಂಬ ಎಂಜಿನಿಯರರಿಗೆ ಬಡ್ತಿ ಬೇಕಾದರೆ ಹಿಂದಿನ ಐದು ವರ್ಷಗಳ ವರದಿಗಳಲ್ಲಿ ಪ್ರತಿಯೊಂದರಲ್ಲಿಯೂ ‘ವೆರಿ ಗುಡ್’ ಇರಬೇಕಿತ್ತು. 1993-94ರ ವರದಿಯಲ್ಲಿ ಬರೀ ‘ಗುಡ್’ ಎಂದಿತ್ತು. ಆ ವಿಷಯವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಕೆಟ್ಟ ಷರಾವನ್ನು ಮಾತ್ರ ತಿಳಿಸಬೇಕು, ‘ಒಳ್ಳೆಯದು’ ಎಂದು ಬರೆದುದನ್ನು ತಿಳಿಸುವ ಅಗತ್ಯವೇನು ಎಂಬುದು ಇಲಾಖೆಯ ವಾದ. 2008ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬಡ್ತಿಯ ಬಾಗಿಲು ಮುಚ್ಚುವ ‘ಗುಡ್’ ಕೂಡ ಪರಿಣಾಮದಲ್ಲಿ ಪ್ರತಿಕೂಲವೇ; ಆದ್ದರಿಂದ ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಿ ಮನವಿಗೆ ಅವಕಾಶ ಕೊಡಬೇಕೆಂದು ಹೇಳಿತು. ಅಷ್ಟರಲ್ಲಿ ಆ ಎಂಜಿನಿಯರರು ನಿವೃತ್ತರಾಗಿದ್ದರು. ಶಬ್ದ ಒಂದೇ, ‘ಒಳ್ಳೆಯದು’. ನಿಂತ ನೆಲೆ ಬದಲಾದಂತೆ ಅದರ ಅರ್ಥ ಹೇಗೆ ಬದಲಾಯಿತೆಂಬುದನ್ನು ಅನೇಕಾಂತವನ್ನು ಕಲಿಸುವವರು ಉದಾಹರಣೆಯಾಗಿ ಬಳಸಬಹುದು.

ಮರುವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಂತೆ ಪೂರ್ಣ ವರದಿಯನ್ನು ನೌಕರನಿಗೆ ತೋರಿಸಬೇಕು. ಒಪ್ಪಿಗೆಯಿಲ್ಲದಿದ್ದರೆ ಅವನು 15 ದಿನಗಳೊಳಗೆ ಮನವಿ ಸಲ್ಲಿಸಬಹುದು.

ಹದಿನೈದು ದಿನವೆಂದರೆ ಒಂದು ಪಕ್ಷ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೆ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿಯೂ ಈ ಅವಧಿ ಬರುತ್ತದೆ, ಬೇರೊಂದು ಲೆಕ್ಕದಲ್ಲಿ. ಕ್ರೋಧಕ್ಕೆ ಅಲ್ಲಿ ನಾಲ್ಕು ಗೆರೆಗಳ ಹೋಲಿಕೆಯಿದೆ. ಕಲ್ಲಿನ ಮೇಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಕಷಾಯದ ಸಂಸ್ಕಾರ ಉಳಿಯುವ ಕಾಲವನ್ನೂ ಆಚಾರ್ಯರು ಹೇಳಿದ್ದಾರೆ. ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತ, ಎಂದರೆ 48 ನಿಮಿಷಗಳೊಳಗೆ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿ ಜನ್ಮಜನ್ಮಾಂತರಕ್ಕೆ ಹಬ್ಬುವುದು ಅನಂತಾನುಬಂಧಿ. ಅಣುವ್ರತಗಳನ್ನು ಹಿಡಿದ ಶ್ರಾವಕನ ಸಿಟ್ಟು ಪಕ್ಷದ ಗಡಿಯನ್ನು ದಾಟಬಾರದು. ವ್ರತವಿಲ್ಲದ ಸಮ್ಯಗ್ದೃಷ್ಟಿಗೂ ಆರು ತಿಂಗಳಿಗಿಂತ ಹೆಚ್ಚು ಅವಕಾಶವಿಲ್ಲ. ಏಪ್ರಿಲ್‌ನ ವರದಿಯನ್ನು ಮುಂದಿನ ಏಪ್ರಿಲ್‌ವರೆಗೂ ಮನಸ್ಸಿನಲ್ಲಿ ಇಟ್ಟುಕೊಂಡವನು ಕಡತದಲ್ಲಿನ ಐದು ಅಂಕಕ್ಕಿಂತ ದೊಡ್ಡದೊಂದು ಅನುತ್ತೀರ್ಣತೆಯ ಬಗ್ಗೆ ಚಿಂತಿಸಬೇಕಾಗುತ್ತದೆ.

ಕಲ್ಲಿನ ಗೆರೆ ಎಂತಹುದೆಂದು ತಿಳಿಯಬೇಕಾದರೆ ವಡ್ಡಾರಾಧನೆಯಲ್ಲಿರುವ ಚಾಣಾಕ್ಯ ಋಷಿಯ ಕಥೆಯನ್ನು ನೆನೆಯಬೇಕು. ಕಾಲಿಗೆ ಚುಚ್ಚಿದ ಹುಲ್ಲನ್ನು ಬೇರುಸಹಿತ ಕಿತ್ತು ನಾಶಮಾಡುವ ಸ್ವಭಾವದವನು ಚಾಣಾಕ್ಯ. ನಂದರಾಜನ ಭೋಜನಶಾಲೆಯಲ್ಲಿ ಅವನನ್ನು ಗೌರವದ ಆಸನದಿಂದ ಎಬ್ಬಿಸಿದರು. ಒಂದು ಆಸನದ ಅವಮಾನ ಒಂದು ರಾಜವಂಶದ ಅಳಿವಿನಲ್ಲಿ ಮುಗಿಯಿತು. ಆದರೆ ಜೈನ ಕಥೆಗಾರರು ಅಲ್ಲಿಗೆ ನಿಲ್ಲುವುದಿಲ್ಲ. ಚಾಣಾಕ್ಯನು ಕೊನೆಗೆ ದೀಕ್ಷೆ ತೆಗೆದುಕೊಂಡು ಮುನಿಯಾಗುತ್ತಾನೆ. ಹಳೆಯ ದ್ವೇಷವನ್ನು ಬಿಡದ ಸುಬಂಧು ಎಂಬವನು ಧ್ಯಾನದಲ್ಲಿದ್ದ ಅವನ ಸುತ್ತ ಸಗಣಿಯ ರಾಶಿಗೆ ಬೆಂಕಿಯಿಡುತ್ತಾನೆ. ಹುಲ್ಲನ್ನೂ ಕ್ಷಮಿಸದಿದ್ದವನು ಆ ಬೆಂಕಿಯನ್ನು ಅಲುಗಾಡದೆ ಸಹಿಸಿ ಸಮಾಧಿಮರಣವನ್ನು ಪಡೆಯುತ್ತಾನೆ. ಆಸನ ಕಳೆದುಕೊಂಡ ದಿನದ ಚಾಣಾಕ್ಯನಿಗೂ ಬೆಂಕಿಯ ನಡುವಿನ ಚಾಣಾಕ್ಯನಿಗೂ ಇರುವ ಅಂತರವೇ ಆ ಕಥೆ.

ಇನ್ನು ಆ ಶ್ರಾವಕನ ಹದಿನೈದು ದಿನಗಳು. ಮೊದಲ ಎರಡು ದಿನ ಅವನು ಚಹಾದ ಅಂಗಡಿಯಲ್ಲಿ ಸಹೋದ್ಯೋಗಿಗಳ ಮುಂದೆ ಮೇಲಧಿಕಾರಿಯ ಮನೆಯ ಗುಟ್ಟುಗಳನ್ನೆಲ್ಲ ಆಡಿದ. ಅದಕ್ಕೆ ‘ರಹೋಭ್ಯಾಖ್ಯಾನ’ ಎಂದು ಹೆಸರು. ಕೂಟಲೇಖದಂತೆ ಅದೂ ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದೇ. ಒಂದೇ ವ್ರತವನ್ನು ಒಬ್ಬನು ಬರೆದು ಕೆಡಿಸಿದ, ಇನ್ನೊಬ್ಬನು ಮಾತಾಡಿ ಕೆಡಿಸಿದ. ಮೂರನೆಯ ಸಂಜೆ ಸಾಮಾಯಿಕಕ್ಕೆ ಕುಳಿತಾಗ ಇದು ಅವನಿಗೆ ಹೊಳೆಯಿತು. ಆಲೋಚನೆ ಎಂಬ ಪದಕ್ಕೆ ಜೈನ ಪರಂಪರೆಯಲ್ಲಿ ತನ್ನ ದೋಷವನ್ನು ತಾನೇ ಬಿಚ್ಚಿ ಹೇಳುವುದು ಎಂಬ ಅರ್ಥವಿದೆ. ಹಾಗೆ ಆಲೋಚಿಸಿದಾಗ ಷರಾದೊಳಗಿನ ಒಂದು ಮಾತು ನಿಜವೆಂದು ತೋರಿತು: ಲೆಕ್ಕಪರಿಶೋಧನೆಯ ಆಕ್ಷೇಪಣೆಯೊಂದಕ್ಕೆ ಅವನು ಉತ್ತರ ಬರೆದದ್ದು ಗಡುವು ಮೀರಿದ ಮೇಲೆ. ಒಂಬತ್ತು ಸುಳ್ಳುಗಳ ನಡುವೆ ಇದ್ದ ಒಂದು ನಿಜವನ್ನು ಒಪ್ಪಿಕೊಳ್ಳುವುದು ಒಂಬತ್ತನ್ನು ಅಲ್ಲಗಳೆಯುವುದಕ್ಕಿಂತ ಕಠಿಣವಾಗಿತ್ತು.

ಮನವಿಯ ಮೊದಲ ಕರಡು ನಾಲ್ಕು ಪುಟಗಳಷ್ಟಿತ್ತು. ‘ತಮಗೆ ಬೇಕಾದವರಿಗೆ ಮಾತ್ರ ಅಂಕ ಕೊಡುತ್ತಾರೆ’ ಎಂಬ ವಾಕ್ಯಕ್ಕೆ ಮೂರು ಅಡಿಗೆರೆಗಳು. ಸಾಬೀತು ಮಾಡಲಾಗದ ಆ ವಾಕ್ಯವನ್ನು ಅವನು ಹೊಡೆದುಹಾಕಿದ. ಇನ್ನೊಬ್ಬನ ಎಂಟು ಅಂಕದ ಪ್ರಸ್ತಾಪವೂ ಹೋಯಿತು. ಅದು ಅವನ ಲೆಕ್ಕವಲ್ಲ. ಉಳಿದದ್ದು ತಿಂಗಳುವಾರು ವಿಲೇವಾರಿಯಾದ ಕಡತಗಳ ಸಂಖ್ಯೆ, ರಜಾದಿನಗಳ ಹಾಜರಿ, ಮೆಚ್ಚಿ ಬಂದ ಎರಡು ಪತ್ರಗಳ ನಕಲು, ತಡವಾದ ಆ ಒಂದು ಉತ್ತರದ ಒಪ್ಪಿಗೆ ಮತ್ತು ಅಂಕವನ್ನು ಮರುಪರಿಶೀಲಿಸಬೇಕೆಂಬ ಕೋರಿಕೆ. ಒಂದೂವರೆ ಪುಟ. ಹನ್ನೆರಡನೆಯ ದಿನ ಅದನ್ನು ಸಲ್ಲಿಸಿ, ದಿನಾಂಕ ಸಹಿತ ಸ್ವೀಕೃತಿ ಪಡೆದು ಮನೆಗೆ ಬಂದ. ಆ ಸಂಜೆಯ ಬುತ್ತಿ ಬರಿದಾಗಿತ್ತು.

ಉತ್ತರ ಇನ್ನೂ ಬಂದಿಲ್ಲ. ಏಪ್ರಿಲ್‌ನಿಂದ ಭಾದ್ರಪದಕ್ಕೆ ಸುಮಾರು ಐದು ತಿಂಗಳು. ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಗೆ ಅವನ ಮನೆಯಲ್ಲಿ ಪ್ರತಿವರ್ಷ ಹೆಸರುಗಳ ಪಟ್ಟಿ ಬರೆಯುವ ರೂಢಿ. ಈ ವರ್ಷದ ಪಟ್ಟಿಯಲ್ಲಿ ಬಂಧುಗಳ, ನೆರೆಯವರ ಹೆಸರುಗಳ ಕೆಳಗೆ ಮೇಲಧಿಕಾರಿಯ ಹೆಸರನ್ನು ಅವನು ಒಮ್ಮೆ ಬರೆದು, ಅಳಿಸಿ, ಮತ್ತೆ ಬರೆದಿದ್ದಾನೆ. ಆರು ತಿಂಗಳ ಗಡಿಗೆ ಇನ್ನೂ ಒಂದು ತಿಂಗಳು ಉಳಿದಿದೆ.