ನೋಟೀಸು ತಿದ್ದುವ ಕೆಲಸ

ಕಡೂರು ತಾಲೂಕಿನ ಎಮ್ಮೆದೊಡ್ಡಿ, ಕಾಡಿನಂಚಿನ ಊರು. ಇಂಥ ಕಡೆ ಪಂಚಾಯ್ತಿ ಗೋಡೆಯ ಮೇಲೆ ಹೀಗೊಂದು ನೋಟೀಸು ಇದೆ ಅಂದ್ಕೊಳ್ಳಿ: "ಇತರೆ ಪಾರಂಪರಿಕ ಅರಣ್ಯವಾಸಿ ಅರ್ಜಿದಾರರು ದಿನಾಂಕ 13-12-2005ಕ್ಕೆ ಪೂರ್ವದಲ್ಲಿ ಮೂರು ತಲೆಮಾರುಗಳ ವಾಸ್ತವ್ಯವನ್ನು ಸಾಬೀತುಪಡಿಸತಕ್ಕದ್ದು."

ಓದಿದವರು ಸುಮ್ಮನೆ ಮನೆಗೆ ಹೋಗ್ತಾರೆ. ಹಕ್ಕು ಅಲ್ಲೇ ಉಳಿಯುತ್ತೆ.

ಈಗ ಸಂಪಾದಕರು ತಿದ್ದಿದ್ದು ಕೇಳಿ: "2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ನಿಮ್ಮ ಮನೆತನ ಇಲ್ಲೇ ಇತ್ತೇ? ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಕೊಡಿ. ಊರಿನ ಬೇರೆ ಹಿರಿಯರ ಹೇಳಿಕೆ ಬರೆಸಿಕೊಟ್ಟರೆ ಅದೂ ಸಾಕ್ಷ್ಯ."

ಕೊನೆಯ ಆ ಸಾಲು ಅರಣ್ಯ ಹಕ್ಕು ಕಾಯ್ದೆಯ ನಿಯಮದಲ್ಲೇ ಇದೆ. ಅದನ್ನು ಹುಡುಕಿ ಮುಂದಕ್ಕೆ ತರೋದೇ ಈ ಕೆಲಸದ ಜೀವಾಳ.

ಹೌದು, ಇದೊಂದು ವೃತ್ತಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುತ್ತೆ. ಅಂಥ ತರಬೇತಿಗೆ ಕೈಪಿಡಿ, ಪೋಸ್ಟರ್, ವಿಡಿಯೊ ಎಲ್ಲಾ ಬೇಕು. ವಾರ್ತಾ ಇಲಾಖೆಗೂ ಬರೆಯೋರು, ತಿದ್ದೋರು ಬೇಕು.

ಕಾಯ್ದೆ ಓದೋ ತಾಳ್ಮೆ ಇರಲಿ. ಪುಟ ವಿನ್ಯಾಸ ಕಲೀರಿ. ನುಡಿ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ ಕೆಟ್ಟಿದೆಯಾ ನೋಡಿ. ಅಂಕಿಗಳನ್ನಂತೂ ಮೂಲದ ಜೊತೆ ಎರಡೆರಡು ಸಲ ತಾಳೆ ಹಾಕಿ.

ಇವತ್ತೇ ಶುರು ಮಾಡಬಹುದು. ನಿಮ್ಮೂರಿನ ಒಂದು ನೋಟೀಸು ತಗೊಂಡು ತಿದ್ದಿ, ಪಕ್ಕದ ಮನೆ ಅಜ್ಜಿಗೆ ಓದಿ ಹೇಳಿ. ಅವರು "ಅಂದ್ರೆ ಏನಪ್ಪಾ?" ಅಂದ ಜಾಗಕ್ಕೆ ಗುರುತು ಹಾಕಿ, ಮತ್ತೆ ಬರೀರಿ.