ಘಟ್ಟದ ತಪ್ಪಲಿನ ಮೂರು ತಾಲೂಕುಗಳು

ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ನಿಂತು ಪಡುವಣಕ್ಕೆ ಮುಖಮಾಡಿದವನಿಗೆ ಕೆಳಗಿನ ನೆಲದಲ್ಲಿ ಯಾವ ಗಡಿಯೂ ಕಾಣದು. ಕಾಡು ಇಳಿದು ಅಡಕೆಯ ತೋಟವಾಗುತ್ತದೆ. ತೋಟ ಇಳಿದು ಬೈಲಗದ್ದೆಯಾಗುತ್ತದೆ. ಗದ್ದೆಗಳ ಆಚೆಗೆ ಮುರಕಲ್ಲಿನ ಬೋಳುಗುಡ್ಡಗಳು ಒಂದರ ಹಿಂದೊಂದಾಗಿ ಕಡಲಿನವರೆಗೆ ಸಾಲುಗಟ್ಟಿವೆ. ಈ ಇಳಿಜಾರನ್ನು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಎಂದು ಮೂರು ತಾಲೂಕುಗಳಾಗಿ ವಿಂಗಡಿಸಿದವರು ಮನುಷ್ಯರು. ಒಂದಾಗಿ ಹೊಲಿದವು ನದಿಗಳು.

ನೇತ್ರಾವತಿಯು ಕುದುರೆಮುಖದ ಗಿರಿಶ್ರೇಣಿಯಲ್ಲಿ ಹುಟ್ಟಿ, ಬೆಳ್ತಂಗಡಿಯ ಸೀಮೆಗೆ ಇಳಿದು, ಧರ್ಮಸ್ಥಳದ ಬದಿಯಲ್ಲಿ ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳದ ಪೇಟೆಯನ್ನು ಸವರಿ ಮಂಗಳೂರಿನಲ್ಲಿ ಸಮುದ್ರವನ್ನು ಸೇರುತ್ತದೆ. ಫಲ್ಗುಣಿಯು ವೇಣೂರಿನ ಗೊಮ್ಮಟನ ಸನ್ನಿಧಿಯಿಂದ ಪೊಳಲಿಯ ರಾಜರಾಜೇಶ್ವರಿಯ ಸನ್ನಿಧಿಗೆ ಬಂದು, ಗುರುಪುರದ ಮಾರ್ಗವಾಗಿ ಅದೇ ಕಡಲನ್ನು ಕಾಣುತ್ತದೆ. ಊರುಗಳ ಹೆಸರುಗಳನ್ನೇ ನೋಡಿರಿ: ಬೆಳ್ತಂಗಡಿ, ಉಪ್ಪಿನಂಗಡಿ, ಅಳದಂಗಡಿ, ಹೊಸಂಗಡಿ. ಇವೆಲ್ಲ ಅಂಗಡಿಗಳಾಗಿ ಹುಟ್ಟಿದ ಊರುಗಳು. ಮಂಗಳೂರಿನಿಂದ ದೋಣಿಗಳು ಸರಕು ಹೊತ್ತು ಬಂಟ್ವಾಳದವರೆಗೆ ಏರಿಬರುತ್ತಿದ್ದವು. ಅಲ್ಲಿಂದ ಮುಂದೆ ಎತ್ತುಗಳ ಬೆನ್ನೇ ಗತಿ. ಉಪ್ಪು ಘಟ್ಟವನ್ನು ಹತ್ತುತ್ತಿತ್ತು. ಮೇಲುಸೀಮೆಯ ಪದಾರ್ಥಗಳು ಇಳಿಯುತ್ತಿದ್ದವು. ಮೂಡುಬಿದಿರೆಯ ಹೆಸರು ಮಾತ್ರ ಬಿದಿರಿನ ಮೆಳೆಯಿಂದ ಬಂದುದು. ಕಡಲ ಕಡೆಯ ಪಡುಬಿದ್ರಿಗೆ ಇದು ಮೂಡಣದ ಜೋಡಿ.

ಇಂದಿನ ತಾಲೂಕುಗಳಿಗಿಂತ ಮೊದಲು ಇಲ್ಲಿ ಸಣ್ಣ ಅರಸುಮನೆತನಗಳಿದ್ದವು. ಬಂಗಾಡಿಯಲ್ಲಿ ಬಂಗರು, ಮೂಡುಬಿದಿರೆಯಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಬೆಳ್ತಂಗಡಿಯಲ್ಲಿ ಮೂಲರು, ವಿಟ್ಲದಲ್ಲಿ ಹೆಗ್ಗಡೆಗಳು ಆಳಿದರು. ವಿಜಯನಗರಕ್ಕೂ ಆಮೇಲೆ ಕೆಳದಿಗೂ ತಲೆಬಾಗಿದರೂ ತಮ್ಮ ಸೀಮೆಯಲ್ಲಿ ಇವರೇ ಧಣಿಗಳು. ಇವರ ರಾಜ್ಯಗಳು ಚಿಕ್ಕವು. ಬಿಟ್ಟುಹೋದ ಕುರುಹುಗಳು ಚಿಕ್ಕವಲ್ಲ. 1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದಿತು. 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಧವಲಾ ಗ್ರಂಥಗಳ ಓಲೆಗಳನ್ನು ಶತಮಾನಗಳ ಕಾಲ ಗೆದ್ದಲಿಗೂ ಮಳೆಗೂ ಕೊಡದೆ ಕಾಪಾಡಿದ ಕೀರ್ತಿ ಮೂಡುಬಿದಿರೆಯದು. ರತ್ನಾಕರವರ್ಣಿಯೂ ಆ ಊರಿನವನೇ. ಮುಂದೆ 1874ರಲ್ಲಿ ಪಂಜೆ ಮಂಗೇಶರಾಯರು ಬಂಟ್ವಾಳದಲ್ಲಿ ಹುಟ್ಟಿದರು.

ಟಿಪ್ಪು ಸುಲ್ತಾನನು ಬೆಳ್ತಂಗಡಿಯ ಬಳಿಯ ಕಡಿದಾದ ಬಂಡೆಯ ಮೇಲೆ 1794ರಲ್ಲಿ ಜಮಲಾಬಾದಿನ ಕೋಟೆಯನ್ನು ಕಟ್ಟಿಸಿದನು. ಜನರ ಬಾಯಲ್ಲಿ ಅದು ಇಂದಿಗೂ ಗಡಾಯಿಕಲ್ಲು. 1799ರಲ್ಲಿ ನಾಡು ಇಂಗ್ಲಿಷರ ವಶವಾಯಿತು. ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋನ ಗಮನ ಸೆಳೆದುದು ಇಲ್ಲಿನ ಹಳೆಯ ಕಪ್ಪು ಕಡತಗಳು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಬಳಪದಿಂದ ಬರೆದ ಲೆಕ್ಕಪುಸ್ತಕವೇ ಕಡತ. ಇಂದು ಸರಕಾರಿ ಕಚೇರಿಯ ಕಾಗದದ ಕಟ್ಟನ್ನು ಕಡತವೆಂದು ಕರೆಯುವಾಗ ನಾವು ಬಳಸುವುದು ಆ ಹಳೆಯ ಮಾತನ್ನೇ.

ಗಡಿಯ ಗೆರೆಯು ಬಡವನ ಹೊಟ್ಟೆಯನ್ನು ಹೇಗೆ ಮುಟ್ಟುತ್ತದೆಂಬುದಕ್ಕೆ 1837 ಸಾಕ್ಷಿ. ಕೊಡಗಿನ ರಾಜ್ಯ ಅಳಿದಾಗ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯದ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತನು ಇನ್ನು ನಗದು ಎಣಿಸಬೇಕಾಯಿತು. ಕೈಯಲ್ಲಿ ಭತ್ತವಿದ್ದವನಿಗೆ ರೂಪಾಯಿ ಎಲ್ಲಿಂದ ಬರಬೇಕು? ದಂಗೆಯೆದ್ದ ಜನ ಬಂಟ್ವಾಳದ ಮಾರ್ಗವಾಗಿ ಮಂಗಳೂರಿಗೆ ನುಗ್ಗಿ ಹದಿಮೂರು ದಿನ ಅದನ್ನು ಹಿಡಿದಿದ್ದರು. ಅವರನ್ನು ಕೂಡಿಕೊಂಡ ನಂದಾವರದ ಲಕ್ಷ್ಮಪ್ಪ ಬಂಗರಸನು ನೇಣುಗಂಬವನ್ನೇರಿದನು. ಕಚೇರಿಯಲ್ಲಿ ಯಾರೋ ಎಳೆದ ಗೆರೆಗೆ ಬೆಲೆ ತೆತ್ತವರು ಗೆರೆಯೆಳೆದವರಲ್ಲ.

ಆ ಮೇಲೂ ಗೆರೆಗಳು ಸರಿದಾಡಿದವು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದಾಗ ಕಾಸರಗೋಡು ಕೇರಳದ ಪಾಲಾಯಿತು. ಮೂಡುಬಿದಿರೆಯ ಕಥೆ ಇನ್ನೂ ಸ್ವಾರಸ್ಯಕರವಾದುದು. ಅದು ಕಾರ್ಕಳ ತಾಲೂಕಿನಲ್ಲಿತ್ತು. 1997ರಲ್ಲಿ ಉಡುಪಿ ಜಿಲ್ಲೆ ಬೇರ್ಪಟ್ಟು ಕಾರ್ಕಳವು ಅತ್ತ ಸರಿದಾಗ, ಮೂಡುಬಿದಿರೆಯನ್ನು ಮಂಗಳೂರು ತಾಲೂಕಿಗೆ ಹಚ್ಚಿದರು. 2018ರಲ್ಲಿ ಅದು ತಾನೇ ಒಂದು ತಾಲೂಕಾಯಿತು. ಬಸದಿಯ ಒಂದು ಕಂಬವೂ ಅಲುಗಲಿಲ್ಲ. ಊರಿನ ವಿಳಾಸ ಮಾತ್ರ ಎರಡು ಸಲ ಬದಲಾಯಿತು.

ತಾಲೂಕೆಂಬುದು ಹಳ್ಳಿಗನಿಗೆ ಏನು? ಮನ್ರೋನಿಗಿಂತ ಒಂಬತ್ತು ವರ್ಷ ಮೊದಲು, 1790ರಲ್ಲಿ, ಕ್ರಾಂತಿಯ ಫ್ರಾನ್ಸ್ ತನ್ನ ಹಳೆಯ ಪ್ರಾಂತಗಳನ್ನಳಿಸಿ 83 ವಿಭಾಗಗಳನ್ನು ಮಾಡಿತು. ಕ್ರ್ಯೂಸ್ ಎಂದು ಹೊಳೆಯ ಹೆಸರನ್ನೂ ಲೋಜೇರ್ ಎಂದು ಬೆಟ್ಟದ ಹೆಸರನ್ನೂ ಅವುಗಳಿಗೆ ಇಟ್ಟರು. ಯಾವ ಮೂಲೆಯವನೂ ಒಂದು ದಿನದ ಪಯಣದಲ್ಲಿ ಕೇಂದ್ರವನ್ನು ಮುಟ್ಟಬೇಕೆಂಬುದು ಅವರ ಲೆಕ್ಕ. ನಮ್ಮಲ್ಲಿಯೂ ಪ್ರಶ್ನೆ ಅದೇ: ಕಚೇರಿಗೆ ಹೋದ ಒಕ್ಕಲು ಕತ್ತಲಾಗುವ ಮುನ್ನ ಮನೆಗೆ ಮರಳಬಲ್ಲನೆ? ಬೆಳ್ತಂಗಡಿ ತಾಲೂಕಿನ 81 ಗ್ರಾಮಗಳಲ್ಲಿ ಘಟ್ಟದ ಬುಡದ ಊರುಗಳಿಗೆ ಇದು ಬರಿಯ ಮಾತಲ್ಲ. ಬಂಟ್ವಾಳದ ಕಚೇರಿಗಳು ಹಳೆಯ ಪೇಟೆಯನ್ನು ಬಿಟ್ಟು ಬಂಟ್ವಾಳ ಕ್ರಾಸ್ ರೋಡಿಗೆ, ಅಂದರೆ ಎಲ್ಲರ ಬಾಯಿಯ ಬಿ.ಸಿ. ರೋಡಿಗೆ, ನಡೆದುದು ಬಸ್ಸು ನಿಲ್ಲುವ ಹೆದ್ದಾರಿಯ ಆಸೆಯಿಂದಲೇ.

ಆ ಕಚೇರಿಗಳಲ್ಲಿ ಜನರ ಬಾಳುವೆಯೇ ಬರೆದಿಟ್ಟಿದೆ. 1963ರಲ್ಲಿ ಪಟೇಲ ಶಾನುಭೋಗರ ವಂಶಪಾರಂಪರ್ಯದ ಅಧಿಕಾರ ಕೊನೆಗೊಂಡಿತು. 1974ರ ಭೂಸುಧಾರಣೆಯು ಗೇಣಿ ಪದ್ಧತಿಯನ್ನು ಅಳಿಸಿದಾಗ, ಚಾಲಗೇಣಿಯ ಒಕ್ಕಲುಗಳು ತಾವು ಉತ್ತ ಗದ್ದೆಗಾಗಿ ಡಿಕ್ಲರೇಷನ್ ಬರೆದು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಧಣಿಯ ಅಂಗಳದಲ್ಲಿ ತಲೆಯೆತ್ತದವನು ಅಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದನು. ವರ್ಗ ಜಮೀನಿನ ಅಂಚಿನ 100 ಗಜದೊಳಗೆ ಸೊಪ್ಪು ಸೌದೆ ತರುವ ಕುಮ್ಕಿಯ ಹಕ್ಕು ಈ ಜಿಲ್ಲೆಯ ವಿಶೇಷ. ಅದರ ಚರ್ಚೆಯೂ ಇದೇ ಕಚೇರಿಗಳಲ್ಲಿ ನಡೆಯುತ್ತದೆ.

ಆದರೆ ನದಿಯು ತಹಸೀಲ್ದಾರರ ಅಪ್ಪಣೆಯನ್ನು ಕೇಳುವುದಿಲ್ಲ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಬಂಟ್ವಾಳದ ಪೇಟೆಗೆ ನುಗ್ಗಿದ್ದು ಘಟ್ಟದಲ್ಲಿ ಸುರಿದ ಮಳೆಯಿಂದ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಕುಸಿದು ಬೆಳ್ತಂಗಡಿಯ ತೋಟಗಳ ಮೇಲೆ ಮರಳು ಮಣ್ಣು ಹರಡಿದಾಗ, ಕೆಳಗಿನ ಬಂಟ್ವಾಳವೂ ನಿದ್ದೆಗೆಟ್ಟಿತು. ಒಂದು ತಾಲೂಕಿನಲ್ಲಿ ಕಡಿದ ಮರದ ಲೆಕ್ಕವನ್ನು ಇನ್ನೊಂದು ತಾಲೂಕಿನ ಹೊಸ್ತಿಲು ತೀರಿಸಬೇಕಾಗುತ್ತದೆ.

ಕಚೇರಿ ಹತ್ತಿರ ಬಂದುದು ಒಳ್ಳೆಯದೇ. ಮೂಡುಬಿದಿರೆಯವರು ಅದಕ್ಕಾಗಿ ಬಹುಕಾಲ ಕಾದರು. ಗೆರೆಗಳು ಇನ್ನು ಮುಂದೆಯೂ ಸರಿಯಬಹುದು. ಸರಿಸುವವರು ಒಮ್ಮೆ ಚಾರ್ಮಾಡಿಯ ಆ ತಿರುವಿನಲ್ಲಿ ನಿಂತು, ನೀರು ಯಾವ ಕಡೆಗೆ ಹರಿಯುತ್ತದೆಂದು ನೋಡಿ ಬರಲಿ.