ಎರಡು ತಿಂಗಳು ಕಾದರೂ ಸೊನ್ನೆ

ಅಂಗೈ ಚಾಚಿ ಒಂದು ನಿಮಿಷ ಹಿಡಿಯಿರಿ. ಅಷ್ಟರಲ್ಲಿ ಸುಮಾರು ನೂರು ಮ್ಯುಆನ್‌ ಕಣಗಳು ಅದನ್ನು ತೂರಿಕೊಂಡು ಹೋಗಿರುತ್ತವೆ. ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ಒಂದು ಚದರ ಮೀಟರ್ ನೆಲದ ಮೇಲೆ ಎರಡು ತಿಂಗಳಲ್ಲಿ ಬೀಳುವವನ್ನು ಲೆಕ್ಕ ಹಾಕಿದರೆ ಎಂಬತ್ತಾರು ಕೋಟಿ ದಾಟುತ್ತದೆ.

ಇವು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ? ಈ ಪ್ರಶ್ನೆ ಹಿಡಿದು 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದವರು ಬಿ.ವಿ. ಶ್ರೀಕಂಠನ್. ಹುಟ್ಟಿದ್ದು 1925ರಲ್ಲಿ, ನಂಜನಗೂಡಿನ ಕಡೆ. ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1948ರಲ್ಲಿ ಸೇರಿದ ತರುಣ. ಅವರು ಆರಂಭಿಸಿದ ಅಳತೆಯನ್ನು ಮುಂದುವರಿಸಿದ ತಂಡ ಅರವತ್ತರ ದಶಕದ ಆರಂಭದಲ್ಲಿ ಗಣಿಯ 2,760 ಮೀಟರ್ ಆಳದಲ್ಲಿ ಉಪಕರಣ ಇಟ್ಟು ಕಾಯಿತು. ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುಆನ್‌ ದಾಖಲಾಗಲಿಲ್ಲ. ಮೇಲೆ ಎಂಬತ್ತಾರು ಕೋಟಿ, ಕೆಳಗೆ ಸೊನ್ನೆ!

ನನ್ನ ಮಟ್ಟಿಗೆ ಭಾರತದ ಪ್ರಯೋಗ ವಿಜ್ಞಾನ ಕಂಡ ಅತ್ಯಂತ ಫಲವತ್ತಾದ ಸೊನ್ನೆ ಇದು. ಮ್ಯುಆನ್‌ಗಳ ಗದ್ದಲ ಇಷ್ಟು ಅಡಗಿದ ಕಡೆ, ಇಡೀ ಭೂಮಿಯನ್ನೇ ಹಾದು ಬರಬಲ್ಲ ನ್ಯೂಟ್ರಿನೋ ಎಂಬ ಕಣ ಎಲ್ಲೋ ಒಮ್ಮೆ ಬಂಡೆಗೆ ತಾಗಿದರೂ ಅದರ ಸುಳಿವು ಸಿಗುತ್ತದೆ. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳವರು ಜೊತೆಗೂಡಿದರು. 2.3 ಕಿಲೋಮೀಟರ್ ಆಳದಲ್ಲಿ ಪ್ರಯೋಗ ನಡೆಯಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಸಿಕ್ಕಿತೆಂಬ ವರದಿ 1965ರ ಆಗಸ್ಟ್‌ನಲ್ಲಿ ಕೋಲಾರದಿಂದ ಹೊರಬಿತ್ತು. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಇದೇ ಬೇಟೆಯಲ್ಲಿದ್ದ ತಂಡದ ಪ್ರಕಟಣೆ ಬಂದದ್ದು ಅದಾದ ಸುಮಾರು ಎರಡು ವಾರಕ್ಕೆ.

ಆಮೇಲೆ ಶ್ರೀಕಂಠನ್ ಮತ್ತು ಅವರ ಸಹೋದ್ಯೋಗಿಗಳು ತಲೆಯೆತ್ತಿ ನೋಡಿದ್ದು ಗಾಮಾ ಕಿರಣಗಳ ಕಡೆಗೆ. ಮೊದಲು ಊಟಿ, 1986ರಿಂದ ಮಧ್ಯಪ್ರದೇಶದ ಪಚ್‌ಮಡಿ. ಇಲ್ಲಿಯೂ ಕಾಡಿದ್ದು ಅದೇ ಅಭಾವ. ಉದಾಹರಣೆಗೆ, ಏಡಿ ನೀಹಾರಿಕೆ 6,500 ಜ್ಯೋತಿರ್ವರ್ಷ ದೂರದಲ್ಲಿದೆ. 1054ರಲ್ಲಿ ಚೀನೀಯರು ಕಂಡ ನಕ್ಷತ್ರಸ್ಫೋಟದ ಉಳಿಕೆ ಅದು. ಅಲ್ಲಿಂದ ಬರುವ, ಒಂದು ಟೆರಾ ಎಲೆಕ್ಟ್ರಾನ್‌ವೋಲ್ಟ್ ಮೀರಿದ ಗಾಮಾ ಕಣಗಳಿಗೆ ಕಣ್ಣಿಗೆ ಕಾಣುವ ಬೆಳಕಿನ ಕಣಕ್ಕಿಂತ ಐವತ್ತು ಸಾವಿರ ಕೋಟಿ ಪಟ್ಟು ಶಕ್ತಿ. ಆದರೆ ಚದರ ಮೀಟರಿಗೆ ಎರಡು ತಿಂಗಳಿಗೆ ಒಂದರಂತೆ ಬರುತ್ತವೆ. ಉಪಗ್ರಹದಲ್ಲಿ ಎಷ್ಟು ದೊಡ್ಡ ಉಪಕರಣ ಕಳಿಸಿದರೂ ಸಾಲದು.

ಅದಕ್ಕೆ ಗಾಳಿಯನ್ನೇ ಉಪಕರಣ ಮಾಡಿಕೊಂಡರು. ಗಾಮಾ ಕಣ ವಾಯುಮಂಡಲಕ್ಕೆ ಬಡಿದಾಗ ಕಣಗಳ ಸುರಿಮಳೆಯಾಗುತ್ತದೆ. ಗಾಳಿಯಲ್ಲಿ ಬೆಳಕು ಸಾಗುವುದಕ್ಕಿಂತ ವೇಗವಾಗಿ ನುಗ್ಗುವ ಆ ಕಣಗಳಿಂದ ಚೆರೆಂಕೋವ್ ಎಂಬ ನೀಲಿ ಮಿಂಚು ಹೊಮ್ಮಿ, ನೆಲದ ಮೇಲೆ ಸುಮಾರು ಹನ್ನೆರಡು ಎಕರೆಯಷ್ಟು ಅಗಲಕ್ಕೆ ಹರಡುತ್ತದೆ. ಆ ಹನ್ನೆರಡು ಎಕರೆಯಲ್ಲಿ ಎಲ್ಲಿ ಕನ್ನಡಿ ಇಟ್ಟರೂ ಅದು ಸಿಗುತ್ತದೆ. ಹಾಗಾಗಿ ಎರಡು ತಿಂಗಳ ಕಾಯುವಿಕೆ ಎರಡು ನಿಮಿಷದೊಳಕ್ಕೆ ಇಳಿಯಿತು! ಆದರೆ ಮಿಂಚಿನ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲಿ ಐದಾರು ಪಾಲು ಮಾತ್ರ. ಬೆಳಕೇ ಆ ಹೊತ್ತಿನಲ್ಲಿ ಎರಡು ಮೀಟರ್ ದಾಟುವುದಿಲ್ಲ. ಮೇಲಾಗಿ, ಮಾಮೂಲಿ ವಿಶ್ವಕಿರಣಗಳೂ ಇಂಥದ್ದೇ ಮಿಂಚು ಹೊಮ್ಮಿಸುತ್ತವೆ, ಅದೂ ನೂರಾರು ಪಟ್ಟು ಹೆಚ್ಚು. ಅವುಗಳ ನಡುವಿನಿಂದ ಗಾಮಾ ಮಿಂಚನ್ನು ಹೆಕ್ಕುವುದು ಎಷ್ಟು ಕಷ್ಟವೆಂದರೆ, 1968ರಲ್ಲಿ ಅರಿಜೋನಾದಲ್ಲಿ ಕಟ್ಟಿದ ವಿಪಲ್ ದೂರದರ್ಶಕ ಏಡಿ ನೀಹಾರಿಕೆಯ ಕಿರಣವನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿದ್ದು 1989ರಲ್ಲಿ.

ಪಚ್‌ಮಡಿಯಲ್ಲಿ 25 ದೂರದರ್ಶಕಗಳು ನಿಂತವು. ನಂತರ ಟಾಟಾ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕೂಡಿ, ಲಡಾಖಿನ ಹಾನ್ಲೆಯಲ್ಲಿ 4,270 ಮೀಟರ್ ಎತ್ತರದಲ್ಲಿ ಏಳು ದೂರದರ್ಶಕಗಳ ‘ಹಗರ್’ ಕಟ್ಟಿದವು. ಕೋಲಾರದ ತಳದಿಂದ ಇಲ್ಲಿಗೆ ಆರು ಕಿಲೋಮೀಟರಿಗೂ ಮೀರಿದ ಏರು.

ಶ್ರೀಕಂಠನ್ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು. 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕೋಲಾರ ಎಂದಾಗ ಮಕ್ಕಳಿಗೆ ನಾವು ಚಿನ್ನದ ಕಥೆಯನ್ನಷ್ಟೇ ಹೇಳುತ್ತೇವೆ. ಶಿಕ್ಷಕರೇ, ಮುಂದಿನ ಸಲ ಆ ಪಾಠ ಬಂದಾಗ ದಯವಿಟ್ಟು ನ್ಯೂಟ್ರಿನೋ ಕಥೆಯನ್ನೂ ಹೇಳಿ.